ಹದಿನಾಲ್ಕನೇ ನಂಬರಿನ ಮಂಚ

ಫೆಬ್ರವರಿ 9, ಸೋಮವಾರ

ಈ ನೋಟ್‌ಬುಕ್ ತಂದದ್ದು ಅಕ್ಕನಿಗೆ ಯಾವ ಗಂಟೆಗೆ ಯಾವ ಮಾತ್ರೆ ಕೊಟ್ಟೆ ಅಂತ ಬರೆದಿಡಲು. ಮೊದಲ ಅರವತ್ತು ಪುಟಗಳಲ್ಲಿ ಬರೀ ಗಂಟೆಗಳೇ ಇವೆ. ಅವಳು ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಉಳಿದ ಹಾಳೆ ದಂಡವಾಗಬಾರದು ಅಂತ ಬರೆಯುತ್ತಿದ್ದೇನೆ, ಬೇರೆ ಘನ ಉದ್ದೇಶವೇನಿಲ್ಲ.

ಬೆಳಿಗ್ಗೆ ನರ್ಸಮ್ಮ ಬಂದಿದ್ದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಈಗ ಬಡಾವಣೆಯ ಸಹಾಯ ಸಂಘ ನಡೆಸುತ್ತಾರೆ. ಕಾಯಿಲೆಯವರಿರುವ ಮನೆಗೆ ಸಂಘದಿಂದ ಮಂಚ, ಗಾಲಿಕುರ್ಚಿ, ಊರುಗೋಲು ಪುಕ್ಕಟೆ ಕೊಡುತ್ತಾರೆ, ಕೆಲಸ ಮುಗಿದ ಮೇಲೆ ವಾಪಸು ಮಾಡಬೇಕು. ಐದು ತಿಂಗಳ ಹಿಂದೆ ಅಕ್ಕನಿಗಾಗಿ ನಾನೂ ಒಂದು ಕಬ್ಬಿಣದ ಮಂಚ ತಂದಿದ್ದೆ. ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ. ಕಾಲಿನ ಮೇಲೆ ಬಿಳಿ ಬಣ್ಣದಲ್ಲಿ 14 ಅಂತ ಬರೆದಿದೆ. ಇನ್ನೂ ನಮ್ಮ ಮುಂದಿನ ಕೋಣೆಯಲ್ಲೇ ಇದೆ.

ನರ್ಸಮ್ಮ ಗಾಡಿ ಕಳಿಸಲಾ ಅಂತ ಕೇಳಿದರು. ನೋಡೋಣ ಅಂದೆ. ನಮ್ಮ ದಲ್ಲಾಳಿ ಕಸುಬಿನಲ್ಲಿ ನೋಡೋಣ ಅಂದರೆ ಇಲ್ಲ ಅಂತ ಅರ್ಥ. ಇಪ್ಪತ್ತಾರು ವರ್ಷ ಈ ಊರಿನ ಜನಕ್ಕೆ ಬಾಡಿಗೆ ಮನೆ ಹುಡುಕಿಕೊಟ್ಟವಳು ನಾನು. ಮಾತು ಎಲ್ಲಿ ತಿರುಗಿಸಬೇಕೆಂದು ನನಗೆ ಗೊತ್ತು. ನಿಮ್ಮ ಹತ್ತಿರ ಎಷ್ಟು ಮಂಚ ಇವೆ ಅಂತ ಕೇಳಿದೆ. ಪುಸ್ತಕದ ಪ್ರಕಾರ ಮೂವತ್ತೊಂದು, ಅದರಲ್ಲಿ ಹನ್ನೆರಡು ಯಾರ ಮನೆಯಲ್ಲಿವೆಯೋ ದೇವರಿಗೇ ಗೊತ್ತು ಅಂದರು.

ಆಗ ವ್ಯವಹಾರ ಕುದುರಿಸಿದೆ. ದಿನಾ ಬೆಳಿಗ್ಗೆ ಎರಡು ಗಂಟೆ ಬಂದು ನಿಮ್ಮ ಹನ್ನೆರಡು ಮಂಚ ಹುಡುಕಿಕೊಡ್ತೀನಿ, ನಾನಾಗಿ ಎತ್ತುವವರೆಗೆ ಹದಿನಾಲ್ಕರ ಮಾತು ಯಾರೂ ಎತ್ತಬಾರದು. ನರ್ಸಮ್ಮ ಕನ್ನಡಕದ ಮೇಲಿಂದ ನೋಡಿ, ಆಗಲಿ ಅಂದರು. ಚೌಕಾಸಿ ಮಾಡಲೇ ಇಲ್ಲ. ಹೀಗೆ ಸುಲಭಕ್ಕೆ ಒಪ್ಪುವವರನ್ನು ಕಂಡರೆ ನನಗೆ ಅನುಮಾನ.

ಸಂಜೆ ತಮ್ಮ ಬಂದು ಹೋದ. ಹಿಂಬಾಗಿಲಿನಿಂದ ಬಂದು ಅಡುಗೆಮನೆಯಲ್ಲೇ ಕೂತ. ಈಗ ಎಲ್ಲರೂ ಹಾಗೆಯೇ. ಮುಂದಿನ ಬಾಗಿಲ ಚಿಲಕ ತೆಗೆದು ಎಷ್ಟು ದಿನವಾಯಿತೋ.

ಫೆಬ್ರವರಿ 11, ಬುಧವಾರ

ಸಂಘ ಅಂದರೆ ಯಾರೋ ಬಿಟ್ಟುಕೊಟ್ಟ ಕಾರ್ ಶೆಡ್. ಹತ್ತು ಅಡಿಗೆ ಇಪ್ಪತ್ತೆರಡು, ಕಿಟಕಿ ಒಂದು, ಅದೂ ಮುಚ್ಚಿದ್ದು. ಬಾಡಿಗೆಗೆ ಕೊಟ್ಟರೆ ಯಾರೂ ಬರಲಾರರು. ಗೋಡೆಗೆ ಊರುಗೋಲುಗಳು, ಮೂಲೆಯಲ್ಲಿ ಗಾಲಿಕುರ್ಚಿಗಳು, ಒಂದರ ಮೇಲೆ ಬೆಕ್ಕು. ರಿಪೇರಿಗೆ ವೆಲ್ಡರ್ ಒಬ್ಬರಿದ್ದಾರೆ. ಎಪ್ಪತ್ತು ದಾಟಿದವರು, ನಟ್ಟು ಬೋಲ್ಟುಗಳ ಜೊತೆ ಮಾತಾಡುತ್ತಾರೆ, ಮನುಷ್ಯರ ಜೊತೆ ಅಷ್ಟಾಗಿ ಇಲ್ಲ.

ಪುಸ್ತಕ ನೋಡಿದೆ. 'ಹಸಿರು ಗೇಟಿನ ಮನೆ.' 'ಉದ್ದ ಜಡೆಯ ಹೆಂಗಸು.' 'ಪರಿಚಯದವರು.' ಯಾರ ಪರಿಚಯ? ಹೊಸ ಪುಸ್ತಕ ತಂದು ಗೆರೆ ಹಾಕಿದೆ. ನಂಬರು, ಮನೆ, ಯಾರಿಗೆ, ಕೊಟ್ಟ ದಿನ, ಈಗಿನ ಸ್ಥಿತಿ. ಹದಿನಾಲ್ಕರ ಮುಂದೆ ನಮ್ಮ ಮನೆ ವಿಳಾಸ ಬರೆದು, ಸ್ಥಿತಿಯ ಜಾಗದಲ್ಲಿ 'ಬಳಕೆಯಲ್ಲಿದೆ' ಅಂತ ಬರೆದೆ. ನರ್ಸಮ್ಮ ಓದಿದರು. ಪುಟ ತಿರುಗಿಸಿದರು.

ಫೆಬ್ರವರಿ 14, ಶನಿವಾರ

ನಾಲ್ಕು ಮಂಚ ವಾಪಸು.

ಹಸಿರು ಗೇಟಿನ ಮನೆಯ ಗೇಟಿಗೆ ಈಗ ನೀಲಿ ಬಣ್ಣ. ಮಹಡಿಯ ಮೇಲೆ ಮಂಚದ ತುಂಬ ಬಟ್ಟೆ ಒಣಹಾಕಿದ್ದರು. ಇನ್ನೊಂದು ಮನೆಯಲ್ಲಿ ಮಾವನವರಿಗೆ ಅಂತ ತಂದದ್ದರಲ್ಲಿ ಅಳಿಯ ಮಲಗಿ ಟಿವಿ ನೋಡುತ್ತಿದ್ದ. ಮಾವ ಎಲ್ಲಿ ಅಂದರೆ ಪೇಟೆಗೆ ಹೋಗಿದ್ದಾರೆ ಅಂದ. ನಡೆದೇ ಹೋದರಾ ಅಂತ ಕೇಳಿದೆ. ಹೌದು ಮೇಡಂ, ಈಗ ಓಡಾಡ್ತಾರೆ ಅಂದ. ಸಂತೋಷ, ಈಗ ನಿಮಗೇನು ಕಾಯಿಲೆ ಅಂದೆ. ಅವನ ಹೆಂಡತಿ ಒಳಗಿಂದ, ಸೋಮಾರಿತನ, ಅದಕ್ಕೆ ನಿಮ್ಮ ಸಂಘದಲ್ಲಿ ಏನಾದ್ರೂ ಸಿಗುತ್ತಾ ಅಂತ ಕೂಗಿದಳು. ಮಂಚ ಅರ್ಧ ಗಂಟೆಯಲ್ಲಿ ಗಾಡಿ ಹತ್ತಿತು.

ಜನ ಕೆಟ್ಟವರಲ್ಲ. ವಾಪಸು ಕೊಡುವ ದಿನ ಯಾವುದು ಅಂತ ಅವರಿಗೆ ತಿಳಿಯುವುದಿಲ್ಲ, ಅಷ್ಟೇ. ಕಾಯಿಲೆ ಬಂದ ದಿನ ಗೊತ್ತಿರುತ್ತದೆ, ಹೋದ ದಿನಕ್ಕೆ ಲೆಕ್ಕವಿರುವುದಿಲ್ಲ.

ಮನೆಗೆ ಬಂದು ಹದಿನಾಲ್ಕರ ಮೇಲಿನ ದುಪ್ಪಟಿ ಒಗೆದು ಒಣಗಿಸಿ ಮತ್ತೆ ಹಾಸಿದೆ. ವಾರಕ್ಕೊಮ್ಮೆ ಒಗೆಯುವ ಅಭ್ಯಾಸ.

ಫೆಬ್ರವರಿ 15, ಭಾನುವಾರ

ಏನೂ ಇಲ್ಲ. ಗಡಿಯಾರಕ್ಕೆ ಸೆಲ್ ಹಾಕಬೇಕು.

ಫೆಬ್ರವರಿ 18, ಬುಧವಾರ

ಒಟ್ಟು ಒಂಬತ್ತು ವಾಪಸು.

ಇವತ್ತಿನ ಮನೆಯಲ್ಲಿ ಒಬ್ಬ ಹೆಂಗಸು, ಅಮ್ಮ ಹೋಗಿದ್ದು ಇದರ ಮೇಲೇ, ಬೇಗ ತಗೊಂಡು ಹೋಗಿ, ನೋಡೋಕಾಗಲ್ಲ ಅಂದಳು. ಗಾಡಿ ಹೊರಟ ಮೇಲೆ ಅದರ ಹಿಂದೆಯೇ ಬೀದಿಯ ತುದಿಯವರೆಗೆ ನಡೆದು ಬಂದಳು. ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಡ್ರೈವರಿಗೆ ಬಲಕ್ಕೆ ತಿರುಗಿಸು ಅಂದೆ.

ಊಟದ ಡಬ್ಬಿ ಬಿಚ್ಚುವಾಗ ನರ್ಸಮ್ಮ, ನೀವು ಮಂಚದ ವಿಷಯದಲ್ಲಿ ಪೊಲೀಸರ ಥರ ಆಡ್ತೀರಿ, ಎಲ್ಲಿ ಕಲಿತಿರಿ ಅಂತ ಕೇಳಿದರು. ನಮ್ಮ ಮನೆಯಲ್ಲಿ ಅಂದೆ. ಆಮೇಲೆ ಬಾಯಿ ನಿಲ್ಲಲಿಲ್ಲ, ನನ್ನ ಬಾಯಿ ಹೇಗೂ ನಿಲ್ಲುವ ಜಾತಿಯದಲ್ಲ.

ನಾವು ನಾಲ್ಕು ಜನ ಮಕ್ಕಳು, ಒಂದೂವರೆ ಕೋಣೆ. ಅಮ್ಮ ಕಾರ್ಖಾನೆಗೆ ಹೋದರೆ ಮನೆಗೆ ಅಕ್ಕನೇ ಯಜಮಾನಿ, ಅವಳಿಗಿನ್ನೂ ಹನ್ನೆರಡು. ಅವಳ ಕೆಳಗೆ ನಾನು, ನನ್ನ ಕೆಳಗೆ ತಮ್ಮ, ತಂಗಿ. ಮಲಗುವುದು ನೆಲದ ಮೇಲೆ, ಒಂದೇ ಸಾಲಿನಲ್ಲಿ. ಇದ್ದ ಒಂದು ಮಂಚ ಜ್ವರ ಬಂದವರದ್ದು. ಅದು ಅಕ್ಕನ ಕಾನೂನು. ಅಂಗೈ ತಿರುಗಿಸಿ ಹಣೆ ಮುಟ್ಟಿ ತೀರ್ಪು ಕೊಡುತ್ತಿದ್ದಳು. ನಾನು ಒಮ್ಮೆ ಬಿಸಿನೀರಿನ ಚೊಂಬಿಗೆ ಹಣೆ ಒತ್ತಿಕೊಂಡು ಹೋಗಿ ನಿಂತಿದ್ದೆ. ಮುಟ್ಟಿ ನೋಡಿ, ಜ್ವರ ಹಣೆಯಲ್ಲಿ ಮಾತ್ರ ಇದೆ, ಕಿವಿಗೆ ಇನ್ನೂ ಬಂದಿಲ್ಲ, ಬಂದಾಗ ಹೇಳು ಅಂದಳು. ಜ್ವರ ಇಳಿದವರನ್ನು ಯಾರೂ ಇಳಿ ಅನ್ನುತ್ತಿರಲಿಲ್ಲ, ತಾವೇ ಇಳಿಯಬೇಕು. ನಾಲ್ವರೂ ಗಟ್ಟಿಯಾಗಿರುವ ದಿನ ಮಂಚ ಖಾಲಿ. ಆಗ ಪಕ್ಕದ ಮನೆಯಲ್ಲಿ, ಎದುರು ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ನಾವು ನಾಲ್ವರು ನಾಲ್ಕು ಕಾಲು ಹಿಡಿದು ಹೊತ್ತು ಕೊಟ್ಟು ಬರುತ್ತಿದ್ದೆವು. ನಮ್ಮದೇ ಮಂಚ ನಮಗೇ ಸಿಗದೆ ತಂಗಿ ಒಮ್ಮೆ ಜ್ವರದಲ್ಲಿ ಎದುರು ಮನೆಗೆ ಹೋಗಿ ಮಲಗಿ ಬಂದಿದ್ದಳು.

ನರ್ಸಮ್ಮ ನಕ್ಕರು. ಹಾಗಾದ್ರೆ ನಮ್ಮ ಸಂಘ ನಿಮ್ಮನೇಲೇ ಶುರುವಾಗಿದ್ದು ಅಂದರು. ಅಂಥ ದೊಡ್ಡ ಮಾತೆಲ್ಲ ನನಗೆ ಒಗ್ಗುವುದಿಲ್ಲ. ನಾನು ಬರುವುದು ಒಪ್ಪಂದದ ಮೇಲೆ. ಊಟ ಆರಿತ್ತು, ಅರ್ಧ ಬಿಟ್ಟೆ.

ಫೆಬ್ರವರಿ 21, ಶನಿವಾರ

ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಬಂದಿದ್ದಳು. ಮೂವತ್ತೈದಿರಬಹುದು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಗಂಡ ಗೋಡೆಗೆ ಬಣ್ಣ ಬಳಿಯುವವನು, ಅಟ್ಟಣೆಯಿಂದ ಬಿದ್ದು ಬೆನ್ನುಮೂಳೆ ಮುರಿದಿದೆ, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮಾರ್ಚ್ ಆರಕ್ಕೆ ಆಸ್ಪತ್ರೆಯಿಂದ ಕಳಿಸುತ್ತಾರೆ. ಮನೆಯಲ್ಲಿ ತಲೆ ಏರಿಸುವ, ಪಕ್ಕಕ್ಕೆ ಸರಳಿರುವ ಮಂಚವಿದ್ದರೆ ಮನೆಗೆ, ಇಲ್ಲದಿದ್ದರೆ ಇನ್ನೊಂದು ಊರಿನ ಆರೈಕೆ ಕೇಂದ್ರಕ್ಕೆ. ಬಸ್ಸಿನಲ್ಲಿ ಐದು ಗಂಟೆ ದಾರಿ. ಹೊಲಿಗೆ ಬಿಟ್ಟು ಅವಳು ಅಲ್ಲಿಗೆ ಹೋಗುವ ಹಾಗಿಲ್ಲ, ಅವನೊಬ್ಬನೇ ಅಲ್ಲಿ ಬದುಕುವ ಹಾಗಿಲ್ಲ.

"ಅಲ್ಲಿಗೆ ಹೋದವರು ವಾಪಸು ಬರೋದು ಕಮ್ಮಿ ಅಂತೆ, ಅಕ್ಕಾ" ಅಂದಳು.

ಅಕ್ಕ ಅನ್ನಬೇಡಿ, ಮೇಡಂ ಅನ್ನಿ ಅಂದೆ. ಸ್ವಲ್ಪ ಒರಟಾಯಿತು. ಅವಳು ಸರಿ ಮೇಡಂ ಅಂದಳು. ಶೆಡ್ಡಿನಲ್ಲಿ ಈಗ ಐದು ಮಂಚ ಖಾಲಿ ಇವೆ, ಯೋಚನೆ ಮಾಡಬೇಡಿ ಅಂತ ಹೇಳಿ ಕಳಿಸಿದೆ.

ಫೆಬ್ರವರಿ 23, ಸೋಮವಾರ

ಅವಳ ಮನೆ ಅಳೆದು ಬಂದೆ. ಎರಡನೇ ಮಹಡಿ. ಮೆಟ್ಟಿಲಿನ ಅಗಲ ಎರಡು ಅಡಿ ಎಂಟು ಇಂಚು, ನಡುವೆ ಕತ್ತರಿಸಿದ ಹಾಗೆ ಒಂದು ತಿರುವು. ಶೆಡ್ಡಿನ ಐದೂ ಇಡಿಯಾಗಿ ಬೆಸೆದ ಮಂಚಗಳು. ಆ ತಿರುವಿನಲ್ಲಿ ದೇವರು ಬಂದರೂ ತಿರುಗಿಸಲಾರ. ಕಿಟಕಿಗೆಲ್ಲ ಸರಳು, ಹಗ್ಗ ಕಟ್ಟಿ ಎಳೆಯುವುದೂ ಆಗದು.

ನಡುವೆ ಬಿಚ್ಚಿ ಎರಡು ತುಂಡು ಮಾಡುವಂಥವು ಸಂಘದಲ್ಲಿ ಒಟ್ಟು ಮೂರು. ಏಳನೇ ನಂಬರು ಒಬ್ಬ ಮುದುಕರ ಮನೆಯಲ್ಲಿದೆ, ಅವರು ಅದರ ಮೇಲೇ ಇದ್ದಾರೆ. ಇಪ್ಪತ್ತೆರಡು ತುಕ್ಕು ಹಿಡಿದಿದೆ. ವೆಲ್ಡರ್ ಅದನ್ನು ಒಮ್ಮೆ ಅಲುಗಾಡಿಸಿ, ಇದಕ್ಕೆ ಬೆಕ್ಕಿನ ಭಾರವೇ ಜಾಸ್ತಿ ಅಂದರು.

ಮೂರನೆಯದು ಹದಿನಾಲ್ಕು.

ನಾನೇ ಓದಿ ಹೇಳಿದೆ. ನರ್ಸಮ್ಮ ಬ್ಯಾಂಡೇಜು ಸುತ್ತಿಡುತ್ತಿದ್ದರು. ಸುತ್ತುತ್ತಲೇ ಇದ್ದರು. ಒಪ್ಪಂದ ಅಂದರೆ ಒಪ್ಪಂದ, ಹೆಂಗಸು ಗಟ್ಟಿ.

ಫೆಬ್ರವರಿ 24, ಮಂಗಳವಾರ

ಸಂಘಕ್ಕೆ ಹೋಗಲಿಲ್ಲ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ.

ಫೆಬ್ರವರಿ 26, ಗುರುವಾರ

ದಾರಿ ಸಿಕ್ಕಿತು. ಮಂಚ ಮನೆಯೊಳಗೆ ಹೋಗದಿದ್ದರೆ ಮನೆಯನ್ನೇ ಬದಲಾಯಿಸಿದರಾಯಿತು. ಇಷ್ಟು ದಿನ ಹೊಳೆಯಲಿಲ್ಲವಲ್ಲ. ಎರಡು ದಿನ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿ ನೆಲಮಹಡಿಯ ಮನೆ ಹಿಡಿದೆ. ಎರಡು ಕೋಣೆ, ಬಾಗಿಲು ಮೂರೂವರೆ ಅಡಿ, ಮೆಟ್ಟಿಲೇ ಇಲ್ಲ, ನೀರು ದಿನವಿಡೀ. ಮಾಲೀಕನನ್ನು ಕೂರಿಸಿಕೊಂಡು, ಅವಳು ಈಗ ಕೊಡುತ್ತಿರುವ ಬಾಡಿಗೆಗೇ ಒಪ್ಪಿಸಿದೆ. ನನ್ನ ದಲ್ಲಾಳಿ ಹಣ ಬೇಡ ಅಂದೆ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ಮಾಲೀಕ ನನ್ನ ಮುಖ ನೋಡಿ, ಹುಷಾರಿದ್ದೀರಾ ಮೇಡಂ ಅಂತ ಕೇಳಿದ.

ನಾಲ್ಕು ರಸ್ತೆ ಆಚೆ, ಅಷ್ಟೇ. ಶೆಡ್ಡಿನಿಂದ ಯಾವ ಮಂಚ ಬೇಕಾದರೂ ಹಾಕಬಹುದು. ಯಾರಿಗೂ ತೊಂದರೆಯಿಲ್ಲ.

ಫೆಬ್ರವರಿ 28, ಶನಿವಾರ

ಟೈಲರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕೋಣೆ ಕೋಣೆ ತಿರುಗಿದಳು, ನಲ್ಲಿ ಬಿಟ್ಟು ನೋಡಿದಳು. ನಾನು ಗಾಳಿ, ಬೆಳಕು, ಗೋಡೆ ಎಲ್ಲದರ ಮೇಲೂ ನನ್ನ ಹಳೇ ಭಾಷಣ ಮಾಡಿದೆ. ಚೆನ್ನಾಗಿದೆ ಅಂದಳು. ಆಮೇಲೆ ಬೇಡ ಅಂದಳು.

ಇಂಥ ಮನೆ ಈ ದರಕ್ಕೆ ಏಳು ಜನ್ಮಕ್ಕೂ ಸಿಗಲ್ಲ ಅಂದೆ. ನಿಜ ಅಂದಳು. ಅವಳಿಗೆ ಕೃತಜ್ಞತೆಯೇ ಇಲ್ಲ ಅನ್ನಿಸಿತು, ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅವಳೇ ಹೇಳಿದಳು.

"ಆ ಮೆಟ್ಟಿಲಿಗೆ ನಾಲ್ಕು ಮನೆ. ಅವರನ್ನ ಹೊರಳಿಸಬೇಕಾದ್ರೆ ನಾನು ಬಾಗಿಲು ತೆಗೆದು ಒಂದು ಸಲ ಕೂಗಿದ್ರೆ ಸಾಕು, ಕೈಯಲ್ಲಿ ಸೌಟು ಹಿಡ್ಕೊಂಡೇ ಬರ್ತಾರೆ. ಇಲ್ಲಿ ಬಾಗಿಲು ಅಗಲ ಇದೆ, ಸರಿ. ಕೂಗಿದ್ರೆ ಯಾರು ಬರ್ತಾರೆ?"

ಕಿಟಕಿ ಮುಚ್ಚಿ, ಬೀಗ ಹಾಕಿ, ಕೀಲಿಕೈ ಮಾಲೀಕನಿಗೆ ಕೊಟ್ಟು ಬಂದೆ. ದಾರಿಯಲ್ಲಿ ಅವಳು, ಆ ಕೇಂದ್ರಕ್ಕೆ ವಾರಕ್ಕೆ ಒಂದು ಸಲ ಹೋಗಿ ಬರಬಹುದೇನೋ ಅಂದಳು. ಹೇಳಿದ್ದು ನನಗಲ್ಲ, ರಸ್ತೆಗೆ.

ಮನೆಗೆ ಬಂದು ಮುಂದಿನ ಕೋಣೆಯಲ್ಲಿ ನಿಂತೆ. ಅಕ್ಕನಿಗೂ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕಿತ್ತು. ತಂಗಿ ಭುಜ, ತಮ್ಮ ಸೊಂಟ, ನಾನು ಕಾಲು. ಒಂದು, ಎರಡು, ಮೂರು ಅಂತ ಎಣಿಸುವುದು ಅಕ್ಕನೇ. ಕಡೆಕಡೆಗೆ ದನಿ ಇರಲಿಲ್ಲ, ಬೆರಳು ಎತ್ತುತ್ತಿದ್ದಳು. ಐದು ತಿಂಗಳಲ್ಲಿ ಬೆನ್ನಿಗೆ ಒಂದು ಹುಣ್ಣಾಗಲಿಲ್ಲ. ನರ್ಸಮ್ಮ ಅದನ್ನು ಎಲ್ಲರಿಗೂ ಹೇಳುತ್ತಾರಂತೆ.

ಮಂಚ ಆರಡಿ ಮೂರಂಗುಲ ಉದ್ದ, ಎರಡು ಅಡಿ ಹನ್ನೊಂದು ಅಗಲ. ಬಿಚ್ಚಿದರೆ ಆ ತಿರುವಿನಲ್ಲಿ ಹೋಗುತ್ತದೆ. ಇದು ನನಗೆ ಸೋಮವಾರವೇ ಗೊತ್ತಿತ್ತು.

ಮಾರ್ಚ್ 1, ಭಾನುವಾರ

ತಮ್ಮನಿಗೂ ತಂಗಿಗೂ ಫೋನು ಮಾಡಿ ಬರಹೇಳಿದೆ. ಇಬ್ಬರೂ ಹಿಂಬಾಗಿಲಿನಿಂದಲೇ ಬಂದರು. ತಮ್ಮ ಬಸ್ ಡ್ರೈವರ್, ಸಮವಸ್ತ್ರದಲ್ಲೇ ಇದ್ದ. ತಂಗಿ ಶಾಲೆಯ ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು ಬಂದಿದ್ದಳು, ಬೇಸರವಾದರೆ ತಿದ್ದಲಿಕ್ಕೆ.

ಟೈಲರ್ ವಿಷಯ ಹೇಳಿದೆ. ಮೆಟ್ಟಿಲು, ತಿರುವು, ಏಳನೇ ನಂಬರು, ಇಪ್ಪತ್ತೆರಡು, ಆರನೇ ತಾರೀಕು. ನಾನು ಹುಡುಕಿದ ಮನೆಯ ವಿಷಯವನ್ನೂ ಹೇಳಿದೆ. ತಮ್ಮ ಅಲ್ಲಿಗೆ ನಕ್ಕುಬಿಟ್ಟ. ಮಂಚ ಕೊಡೋದು ತಪ್ಪಿಸೋಕೆ ಒಂದು ಸಂಸಾರಾನೇ ಎತ್ತಿ ಬೇರೆ ಕಡೆ ಇಡೋಕೆ ಹೊರಟಿದ್ಯಲ್ಲ ಚಿಕ್ಕಕ್ಕ, ನಿನ್ನ ಕಸುಬಿಗೆ ಕೈ ಮುಗಿದೆ ಅಂದ. ನಾನು, ನಿಮಗೆ ಬೇಜಾರಾಗುತ್ತೆ ಅಂತ ಇಟ್ಟುಕೊಂಡಿದ್ದೆ ಅಂದೆ. ಅವನು, ನಿನಗೆ ಬೇಜಾರಾಗುತ್ತೆ ಅಂತ ನಾನು ಸುಮ್ಮನಿದ್ದೆ ಅಂದ. ತಂಗಿ, ನೀವಿಬ್ಬರೂ ಅದನ್ನ ನೋಡ್ಕೊಂಡು ಹೇಗಿದ್ದೀರಿ ಅನ್ನೋದೇ ನನಗೆ ಅರ್ಥ ಆಗ್ತಿರಲಿಲ್ಲ ಅಂದಳು. ಐವತ್ತು ದಾಟಿದ ಮೂರು ಜನ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಆರು ವಾರ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತು ಅಡ್ಡಗೋಡೆಯ ಮೇಲೆ ಇಟ್ಟಿದ್ದೇವೆ.

ತಂಗಿ ಎದ್ದು ಮುಂದಿನ ಕೋಣೆಗೆ ಹೋದಳು. ನಾವೂ ಹೋದೆವು. ಮಂಚದ ಮೇಲೆ ಯಾರೂ ಕೂರಲಿಲ್ಲ, ಸುತ್ತ ನೆಲದ ಮೇಲೆ ಕೂತೆವು.

"ಚಿಕ್ಕಕ್ಕ, ನಮ್ಮನ್ನ ಕೇಳ್ತಿದ್ದೀಯಾ, ಹೇಳ್ತಿದ್ದೀಯಾ?" ತಮ್ಮ ಕೇಳಿದ.

"ಹೇಳ್ತಿದ್ದೀನಿ" ಅಂದೆ.

ತಂಗಿ ಅತ್ತಳು. ತಮ್ಮ ಹೊರಗೆ ಹೋಗಿ ಬಂದ. ನಾನು ಚಹಾ ಮಾಡಿದೆ. ಸಕ್ಕರೆ ಹಾಕುವುದು ಮರೆತಿದ್ದೆ, ಇಬ್ಬರೂ ಹಾಗೇ ಕುಡಿದರು.

ಮಾರ್ಚ್ 2, ಸೋಮವಾರ

ಸಂಘಕ್ಕೆ ಹೋಗಿ, ಹದಿನಾಲ್ಕು ನಾಳೆ ಬಿಚ್ಚಬಹುದು ಅಂದೆ. ನರ್ಸಮ್ಮ ಪುಸ್ತಕ ತೆಗೆದು ಪೆನ್ನು ನನ್ನ ಕಡೆ ತಳ್ಳಿದರು. 'ಬಳಕೆಯಲ್ಲಿದೆ' ಅನ್ನುವುದನ್ನು ಹೊಡೆದು ಹಾಕಿದೆ. ಮುಂದೆ ಟೈಲರ್ ವಿಳಾಸ ಬರೆಯಲು ಜಾಗ ಕಮ್ಮಿ ಬಿತ್ತು, ಸಣ್ಣ ಅಕ್ಷರದಲ್ಲಿ ಬರೆದೆ.

ಹಾಗಾದ್ರೆ ಒಪ್ಪಂದ ಮುಗೀತು, ಇನ್ನು ನೀವು ಬರೋದಿಲ್ಲ ಅಲ್ವಾ ಅಂತ ನರ್ಸಮ್ಮ ಕೇಳಿದರು. ಮೂರು, ಹತ್ತೊಂಬತ್ತು, ಇಪ್ಪತ್ತಾರು ಇನ್ನೂ ಸಿಕ್ಕಿಲ್ಲವಲ್ಲ ಅಂದೆ. ಹನ್ನೆರಡು ಅಂತ ಮಾತು ಕೊಟ್ಟು ಒಂಬತ್ತಕ್ಕೆ ನಿಲ್ಲಿಸುವ ದಲ್ಲಾಳಿ ನಾನಲ್ಲ.

ಮಾರ್ಚ್ 4, ಬುಧವಾರ

ನಿನ್ನೆ ವೆಲ್ಡರ್ ಬಂದು ಎಂಟು ಬೋಲ್ಟು ಬಿಚ್ಚಿದರು. ಒಂದು ಬೋಲ್ಟು ಬರಲಿಲ್ಲ, ಅದರ ಕಿವಿಯಲ್ಲಿ ಏನೋ ಹೇಳಿದರು, ಬಂತು. ಮುಂದಿನ ಬಾಗಿಲು ತೆಗೆದು ಅಲ್ಲಿಂದಲೇ ಸಾಗಿಸಿದೆವು.

ಇವತ್ತು ಟೈಲರ್ ಮನೆಗೆ. ಗಾಡಿ ನಿಂತದ್ದೇ ತಡ, ಅವಳು ಮೇಲಿನಿಂದ ಕೂಗಿದಳು. ಬಾಗಿಲುಗಳು ತೆರೆದುಕೊಂಡವು. ಕೆಳಮನೆಯ ಕ್ಷೌರಿಕ ಕತ್ತರಿ ಜೇಬಿಗೆ ಹಾಕಿಕೊಂಡು ಬಂದ. ಎದುರು ಮನೆಯ ಅಜ್ಜಿ ತನ್ನ ಬಾಗಿಲನ್ನೇ ಕಳಚುವ ಹಾಗೆ ಒಳಕ್ಕೆ ಒತ್ತಿ ಹಿಡಿದು ತಿರುವಿನಲ್ಲಿ ನಾಲ್ಕು ಇಂಚು ಜಾಗ ಮಾಡಿಕೊಟ್ಟಳು. ಮೇಲಿನ ಮನೆಯ ಗಂಡ ಹೆಂಡತಿ ಜಗಳ ಆಡುತ್ತಲೇ ಇಳಿದು, ಮಂಚದ ಎರಡು ತುದಿ ಹಿಡಿದು, ಜಗಳ ಮುಂದುವರಿಸಿದರು. ನಡುವಿನಲ್ಲಿ ನನ್ನ ತಮ್ಮ ಹಿಡಿದಿದ್ದ. ನಾನು ಕೆಳಗೆ ನಿಂತು ಎಡಕ್ಕೆ ಬಲಕ್ಕೆ ಅನ್ನಲು ಬಾಯಿ ತೆರೆದೆ. ಯಾರಿಗೂ ಬೇಕಿರಲಿಲ್ಲ. ಮುಚ್ಚಿಕೊಂಡೆ.

ಹತ್ತು ನಿಮಿಷವೂ ಆಗಲಿಲ್ಲ. ಅಕ್ಕಾ, ಮೇಲೆ ಬನ್ನಿ ಅಂತ ಟೈಲರ್ ಕರೆದಳು. ಹೋಗಿ ಹಿಡಿ ತಿರುಗಿಸುವುದು, ಸರಳು ಇಳಿಸುವುದು, ಮಗ್ಗಲು ಬದಲಿಸುವಾಗ ಯಾರು ಎಲ್ಲಿ ನಿಲ್ಲಬೇಕು ಎಲ್ಲ ತೋರಿಸಿಕೊಟ್ಟೆ. ಕ್ಷೌರಿಕ ಮಲಗಿ ರೋಗಿಯಾದ. ಮೂರು ಸಲ ಹೊರಳಿಸಿ ಅಭ್ಯಾಸ ಮಾಡಿದರು. ಎಣಿಸುವುದು ನೀವಲ್ಲ, ಮಲಗಿದವರು ಎಣಿಸಲಿ ಅಂತ ಟೈಲರಿಗೆ ಹೇಳಿದೆ.

ಮಾರ್ಚ್ 6, ಶುಕ್ರವಾರ

ಆಸ್ಪತ್ರೆಯ ಗಾಡಿ ಹನ್ನೊಂದಕ್ಕೆ ಬಂತು. ಬಣ್ಣದವನನ್ನು ನೋಡಿದ್ದು ಇವತ್ತೇ. ಉದ್ದನೆಯ ಆಳು, ಉಗುರ ಸಂದಿಯಲ್ಲಿ ಇನ್ನೂ ಹಳದಿ ಬಣ್ಣ. ಮೆಟ್ಟಿಲು ಹತ್ತಿಸುವಾಗ ಕಣ್ಣು ಮುಚ್ಚಿಕೊಂಡಿದ್ದ. ಮಲಗಿಸಿ ಹಿಡಿ ತಿರುಗಿಸಿ ತಲೆ ಏರಿಸಿದ ಮೇಲೆ ತೆರೆದ. ಚಾವಣಿ ನೋಡಿ, ಈ ಬಣ್ಣ ಯಾವನು ಹೊಡೆದಿದ್ದು, ಎರಡನೇ ಸಲ ಬಳಿದೇ ಇಲ್ಲ ಅಂದ. ಹೆಂಡತಿ, ನೀವೇ ಅಂದಳು.

ಅವಳು ನೀರು ತರಲು ಒಳಗೆ ಹೋದಾಗ ಅವನು ಸರಳಿನ ಮೇಲೆ ಕೈಯಾಡಿಸಿ ಕೇಳಿದ.

"ಇದರ ಮೇಲೆ ಮೊದಲು ಯಾರಿದ್ರು ಮೇಡಂ? ಅವರು ಹುಷಾರಾದ್ರಾ?"

ಮನೆ ತೋರಿಸುವಾಗಲೂ ಜನ ಇದನ್ನೇ ಕೇಳುತ್ತಾರೆ, ಮೊದಲಿದ್ದವರು ಯಾಕೆ ಬಿಟ್ಟರು ಅಂತ. ಇಪ್ಪತ್ತಾರು ವರ್ಷದಿಂದ ನನ್ನ ಉತ್ತರ ಒಂದೇ, ಸ್ವಂತ ಮನೆ ಕಟ್ಟಿಸಿಕೊಂಡು ಹೋದರು. ನನ್ನ ಲೆಕ್ಕದಲ್ಲಿ ಈ ಊರಿನ ಅರ್ಧ ಜನ ಸ್ವಂತ ಮನೆಯಲ್ಲಿರಬೇಕಿತ್ತು. ಅದೇ ಬಾಯಿಗೆ ಬಂತು.

"ನಮ್ಮಕ್ಕ ಇದ್ದಳು" ಅಂದೆ. "ಹುಷಾರಾಗಲಿಲ್ಲ. ಜನವರಿ ಇಪ್ಪತ್ತೊಂದಕ್ಕೆ ತೀರಿಕೊಂಡಳು."

ತೀರಿಕೊಂಡಳು ಅನ್ನುವ ಪದ ಅಷ್ಟೊಂದು ಜೋರಾಗಿ ಹೇಳಬೇಕಿರಲಿಲ್ಲ. ಒಳಗೆ ನೀರಿನ ಸದ್ದು ನಿಂತಿತು. ಕಾಯಿಲೆಯವನಿಗೆ ಹೇಳುವ ಮಾತಾ ಅದು? ಎದ್ದು ಹೊರಡೋಣ ಅಂತ ಚೀಲ ಹುಡುಕಿದೆ. ಚೀಲ ಹೆಗಲ ಮೇಲೇ ಇತ್ತು.

ಅವನು ಸರಳನ್ನು ಬೆರಳಿನಿಂದ ಒಮ್ಮೆ ತಟ್ಟಿದ.

"ಹೊರಳಿಸೋಕೆ ಜನ ಇದ್ರಾ?"

"ಇದ್ವಿ. ಮೂರು ಜನ. ಎಲ್ಲಾ ಹೊತ್ತಿಗೂ."

"ಮತ್ತೆ ಇನ್ನೇನು" ಅಂದ. "ನಾನು ಆ ಇನ್ನೊಂದು ಊರಿನ ಕೆಟ್ಟ ಕನಸು ಕಾಣ್ತಾ ಇದ್ದೆ ಮೇಡಂ, ಹದಿನೈದು ದಿನದಿಂದ." ಆಮೇಲೆ ಕೈ ಎತ್ತಿ ಮೂರು ಬೆರಳು ತೋರಿಸಿ, ಎಡಮಗ್ಗಲಿಗೆ, ಅಂದ.

ಟೈಲರ್ ಬಾಗಿಲಿಗೆ ಹೋಗಿ ಕೂಗಿದಳು. ಅವರು ಬರುವವರೆಗೆ ಕಾಯುವುದೇಕೆ, ನಾನು ಚೀಲ ಕೆಳಗಿಟ್ಟು ಕಾಲಿನ ಕಡೆ ಹೋಗಿ ನಿಂತೆ.